ಹದಿನೇಳು ಹರಳು

ನನ್ನ ಸೋದರಮಾವನ ಕೈಯಲ್ಲಿ ಒಂದು ಎಚ್‌ಎಂಟಿ ಜನತಾ ಗಡಿಯಾರವಿತ್ತು. ಬಿಳಿಯ ಡಯಲು, ಅದರ ಮೇಲೆ ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ‘17 ಜುವೆಲ್ಸ್’. ಜುವೆಲ್ ಎಂದರೆ ಒಡವೆ ಎಂದು ಶಾಲೆಯಲ್ಲಿ ಆಗಷ್ಟೇ ಉರುಹೊಡೆದಿದ್ದ ನನಗೆ ಲೆಕ್ಕ ಸಲೀಸಾಗಿತ್ತು. ಅಜ್ಜಿಯ ಬೆಂಡೋಲೆಗೆ ಏಳು ಕಲ್ಲು. ಅದನ್ನು ಅಡವಿಟ್ಟು ತಾತ ಬಾವಿ ತೋಡಿಸಿದ್ದರಂತೆ. ಏಳು ಕಲ್ಲಿಗೆ ಒಂದು ಬಾವಿಯಾದರೆ ಹದಿನೇಳಕ್ಕೆ ಎರಡು ಬಾವಿ, ಮೇಲೆ ಒಂದಿಷ್ಟು ಚಿಲ್ಲರೆ. ಅಷ್ಟು ಐಶ್ವರ್ಯವನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಮಾವ ಸಂತೆಯ ನೂಕುನುಗ್ಗಲಿಗೆ ಹೋಗುತ್ತಾರಲ್ಲ ಎಂದು ನನಗೆ ದಿಗಿಲು.

ಒಂದು ದಿನ ಅದು ಬಚ್ಚಲ ಚಪ್ಪಡಿಯ ಮೇಲೆ ಬಿದ್ದು ನಿಂತುಹೋಯಿತು. ಪೇಟೆಯ ರಿಪೇರಿಯವರು ಕಣ್ಣಿಗೆ ಐಗ್ಲಾಸು ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದು, ‘ಒಂದು ಕಲ್ಲು ಸೀಳಿದೆ’ ಎಂದರು. ನನ್ನೆದೆ ಧಸಕ್ಕೆಂದಿತು. ಆದರೆ ಕೂಲಿಯೂ ಸೇರಿ ಅವರು ಕೇಳಿದ ದುಡ್ಡಿಗೆ ಒಂದು ಜೊತೆ ಹವಾಯಿ ಚಪ್ಪಲಿಯೂ ಬರುತ್ತಿರಲಿಲ್ಲ. ನನ್ನ ಮುಖ ನೋಡಿ ನಕ್ಕರು. ‘ಇದು ಮೆರೆಯೋ ಕಲ್ಲಲ್ಲ ಮರಿ, ದುಡಿಯೋ ಕಲ್ಲು’ ಎಂದರು.

ಆ ಎರಡು ಮಾತು ಮುನ್ನೂರು ವರ್ಷದ ಒಂದು ವ್ಯಾಜ್ಯದ ತೀರ್ಪು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಜುವೆಲ್ ಎಂಬ ಪದದ ಜಾಡು ಹಿಡಿದು ಹೊರಟರೆ ಮೆರೆಯುವುದಕ್ಕೂ ದುಡಿಯುವುದಕ್ಕೂ ನಡುವೆ ಅದು ಎಷ್ಟು ಸಲ ಎಡತಾಕಿದೆ ಎಂದು ತಿಳಿಯುತ್ತದೆ.

ಹುಟ್ಟಿನಲ್ಲಂತೂ ಅದಕ್ಕೂ ದುಡಿಮೆಗೂ ಸಂಬಂಧವೇ ಇರಲಿಲ್ಲ. ಇಂಗ್ಲಿಷಿಗೆ ಅದು ಬಂದದ್ದು ಹಳೆಯ ಫ್ರೆಂಚಿನಿಂದ. ಅದರಾಚೆಗಿನ ಬೇರು ಲ್ಯಾಟಿನ್ನಿನ ‘ಯೋಕುಸ್’ ಎನ್ನುವವರೇ ಹೆಚ್ಚು. ಯೋಕುಸ್ ಎಂದರೆ ಆಟ, ವಿನೋದ. ಇಂಗ್ಲಿಷಿನ ‘ಜೋಕ್’ ಹುಟ್ಟಿದ್ದೂ ಅದೇ ಹೊಟ್ಟೆಯಲ್ಲಿ. ಇನ್ನು ಕೆಲವರು ಸಂತೋಷ ಎಂಬ ಅರ್ಥದ ಬೇರೊಂದು ಲ್ಯಾಟಿನ್ ಪದವನ್ನು ತೋರಿಸುತ್ತಾರೆ. ಯಾವುದನ್ನೇ ಒಪ್ಪಿಕೊಂಡರೂ ಒಡವೆ ಎಂದರೆ ಮನಸ್ಸಿನ ಹಿಗ್ಗಿಗೆ ಇಟ್ಟುಕೊಂಡ ಆಟಿಕೆ ಎಂಬಲ್ಲಿಗೇ ಬಂದು ನಿಲ್ಲುತ್ತೇವೆ. ನಮ್ಮಲ್ಲಿ ‘ನಗ’ಕ್ಕೂ ‘ನಗು’ವಿಗೂ ಪ್ರಾಸವುಂಟೇ ಹೊರತು ನಂಟಿಲ್ಲ. ಅವರಲ್ಲಿ ನಂಟೇ ಉಂಟು.

ಇಲ್ಲೊಂದು ಬಲೆಯಿದೆ. ಜುವೆಲ್ ಮತ್ತು ಜವಾಹರ ಎರಡನ್ನೂ ಜೊತೆಗಿಟ್ಟು ‘ನೋಡಿ, ನಮ್ಮದೇ ಪದ ಅವರಲ್ಲಿಗೆ ಹೋಯಿತು’ ಎನ್ನುವವರು ಸಿಗುತ್ತಾರೆ. ಹಾಗಲ್ಲ. ಜವಾಹರ ಅರಬ್ಬಿಯ ‘ಜೌಹರ್’ನ ಬಹುವಚನ. ಅದು ಪಾರಸಿಯ ‘ಗೌಹರ್’ನಿಂದ ಬಂದದ್ದು. ಜೌಹರ್ ಎಂದರೆ ಬರಿಯ ರತ್ನವಲ್ಲ. ಅರಬ್ಬಿ ತತ್ತ್ವಶಾಸ್ತ್ರದಲ್ಲಿ ವಸ್ತುವಿನ ತಿರುಳು, ಸಾರ ಎಂಬುದಕ್ಕೂ ಅದೇ ಪದ. ದನಿ ಕೂಡಿತೆಂದು ಕುಲ ಕೂಡುವುದಿಲ್ಲ. ನಮ್ಮ ‘ಒಡವೆ’ಯ ದಾರಿಯೇ ಬೇರೆ. ಒಡೆಯ ಎಂಬ ಪದದ ಬಳಗ ಅದು. ಹಳಗನ್ನಡದಲ್ಲಿ ಒಡವೆ ಎಂದರೆ ಸೊತ್ತು, ಕೈಯಲ್ಲಿರುವ ವಸ್ತು. ಒಬ್ಬರಿಗೆ ಆಟ, ಇನ್ನೊಬ್ಬರಿಗೆ ಸಾರ, ನಮಗೆ ಆಸ್ತಿ. ಅಜ್ಜಿಯ ಬೆಂಡೋಲೆ ಬಾವಿಯಾದದ್ದರಲ್ಲಿ ಭಾಷೆಯ ಕೈವಾಡವೂ ಇತ್ತೇನೋ.

ಹೀಗೆ ಆಟಿಕೆಯಾಗಿದ್ದ ಪದವನ್ನು ಕೆಲಸಕ್ಕೆ ಹಚ್ಚಿದವನು ನಿಕೊಲಾ ಫಾಸಿಯೋ ದ ದ್ವಿಲಿಯೆ. 1664ರಲ್ಲಿ ಬಾಸೆಲ್‌ನಲ್ಲಿ ಹುಟ್ಟಿದ ಗಣಿತಜ್ಞ, ನ್ಯೂಟನ್ನನ ಆಪ್ತ ಗೆಳೆಯ, ಗುರುತ್ವಾಕರ್ಷಣೆಗೆ ತನ್ನದೇ ಒಂದು ವಿವರಣೆ ಕಟ್ಟಿದವನು. ಅಷ್ಟಕ್ಕೆ ಸುಮ್ಮನಿರುವ ಜಾಯಮಾನ ಅವನದಲ್ಲ. ಫ್ರಾನ್ಸಿನಿಂದ ಓಡಿಬಂದಿದ್ದ, ಮೈಮೇಲೆ ದೇವರು ಬಂದು ಭವಿಷ್ಯ ನುಡಿಯುವ ಒಂದು ಪಂಥದ ಬೆನ್ನು ಹತ್ತಿ, 1707ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್‌ನಲ್ಲಿ ಹಲಗೆಗೆ ಕುತ್ತಿಗೆ ಸಿಕ್ಕಿಸಿಕೊಂಡು ಬಹಿರಂಗ ಶಿಕ್ಷೆ ಅನುಭವಿಸಿದ. ಅದಕ್ಕೆ ಮೂರು ವರ್ಷ ಮೊದಲು ಅವನು ಮಾಡಿದ ಕೆಲಸ ನಮಗೆ ಮುಖ್ಯ. ಪೀಟರ್ ಮತ್ತು ಜೇಕಬ್ ಡಬೋಫ್ರೆ ಎಂಬ ಗಡಿಯಾರಗಾರರ ಜೊತೆ ಸೇರಿ, ಗಡಸು ಕಲ್ಲಿಗೆ ತೂತು ಕೊರೆದು ಅದನ್ನು ಗಡಿಯಾರದ ಒಳಗೆ ಬಳಸುವ ವಿದ್ಯೆಗೆ 1704ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ.

ವಿದ್ಯೆ ಏನೆಂದು ಹೇಳಬೇಕಾದರೆ ನಮ್ಮ ಹಳೆಯ ಮನೆಗಳ ಹೆಬ್ಬಾಗಿಲು ನೆನೆಯಬೇಕು. ಕಬ್ಬಿಣದ ಕೀಲು ಬರುವ ಮೊದಲು ಬಾಗಿಲ ಅಂಚಿನ ಮರದ ತಿರುಗುಣಿ ನೆಲದ ಕಲ್ಲಿನ ಗುಳಿಯೊಂದರಲ್ಲಿ ಕೂತು ಆಡುತ್ತಿತ್ತು. ಮರ ಸವೆದರೂ ಕಲ್ಲು ಸವೆಯುವುದಿಲ್ಲ. ಕಿಸೆ ಗಡಿಯಾರದಲ್ಲೂ ಪ್ರತಿ ಚಕ್ರಕ್ಕೆ ಉಕ್ಕಿನ ಅಚ್ಚು, ಅಚ್ಚಿನ ತುದಿಗೆ ತಿರುಗುಣಿ. ಬ್ಯಾಲೆನ್ಸ್ ಚಕ್ರದ ತಿರುಗುಣಿ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಕೂದಲಿಗಿಂತ ತುಸುವೇ ದಪ್ಪ. ಸಾಧಾರಣ ಹಳೆಯ ಗಡಿಯಾರದಲ್ಲಿ ಆ ಚಕ್ರ ಸೆಕೆಂಡಿಗೆ ಐದು ಸಲ ಹೊರಳುತ್ತದೆ. ದಿನಕ್ಕೆ 4,32,000 ಸಲ, ವರ್ಷಕ್ಕೆ ಹದಿನೈದು ಕೋಟಿಗೂ ಮೀರಿ. ಅದು ಹಿತ್ತಾಳೆಯ ತೂತಿನಲ್ಲಿ ಹೊರಳಿದರೆ ಏನಾಗುತ್ತದೆ? ಹಿತ್ತಾಳೆ ಮೆತ್ತಗಿರುವುದರಿಂದ ಅದೇ ಸವೆಯಬೇಕು ಅನಿಸುತ್ತದೆ. ಸವೆಯುವುದೂ ನಿಜ. ಆದರೆ ಮೋಜು ಬೇರೆಯೇ ಇದೆ. ಗಾಳಿಯಲ್ಲಿನ ಧೂಳಿನ ಕಣ ಬಂದು ಮೆತ್ತನೆಯ ಹಿತ್ತಾಳೆಯಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಆ ತೂತೇ ಸಾಣೆಯಾಗಿ ಗಡಸು ಉಕ್ಕನ್ನು ಅರೆಯತೊಡಗುತ್ತದೆ. ಮೆತ್ತಗಿರುವವರ ಸಹವಾಸದಲ್ಲಿ ಗಟ್ಟಿಯವರು ಸವೆಯುವುದನ್ನು ಬೇರೆ ಕಡೆಯೂ ನೋಡಿದ್ದೇವೆ. ಹಿತ್ತಾಳೆಯ ಜಾಗದಲ್ಲಿ ಕನ್ನಡಿಯಂತೆ ನುಣುಪುಮಾಡಿದ ಮಾಣಿಕ್ಯವಿದ್ದರೆ ಧೂಳಿಗೆ ಕಚ್ಚಿಕೊಳ್ಳಲು ಎಡೆಯಿಲ್ಲ, ತಿಕ್ಕಾಟ ಕಡಿಮೆ, ಎಣ್ಣೆಯೂ ಕೆಡದೆ ನಿಲ್ಲುತ್ತದೆ. ತೂತಿನ ಸುತ್ತ ಎಣ್ಣೆ ನಿಲ್ಲಲೆಂದೇ ಬಟ್ಟಲಿನಂಥ ಒಂದು ತಗ್ಗು ಕೊರೆದಿರುತ್ತಾರೆ. ಮಾಣಿಕ್ಯಕ್ಕೆ ತೂತು ಕೊರೆಯಬೇಕಾದರೆ ವಜ್ರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ತಂತಿಯ ತುದಿಗೆ ಹಚ್ಚಿ ಉಜ್ಜಬೇಕು. ಅದೇ ಫಾಸಿಯೋನ ಗುಟ್ಟು.

ಪೇಟೆಂಟ್ ಸಿಕ್ಕಿತು. ಅದರ ಹಕ್ಕನ್ನು ಇನ್ನಷ್ಟು ಗಟ್ಟಿಮಾಡಿಕೊಳ್ಳಲು ಮೂವರೂ ಪಾರ್ಲಿಮೆಂಟಿನ ಬಾಗಿಲು ತಟ್ಟಿದರು. 1631ರಿಂದ ಸನ್ನದು ಹಿಡಿದುಕೊಂಡಿದ್ದ ಲಂಡನ್ನಿನ ಗಡಿಯಾರಗಾರರ ಸಂಘ ಕೆರಳಿತು. ಈ ವಿದ್ಯೆ ಹೊಸದೇ ಅಲ್ಲ ಎಂದು ವಾದಿಸಿ, ಪುರಾವೆಯಾಗಿ ಇಗ್ನೇಷಿಯಸ್ ಹಗ್ಗಫರ್ಡ್ ಎಂಬವನು ಮಾಡಿದ್ದ ಹಳೆಯ ಗಡಿಯಾರವೊಂದನ್ನು ಮುಂದಿಟ್ಟಿತು. ಅದರ ಬ್ಯಾಲೆನ್ಸ್ ಚಕ್ರದ ಮೇಲಿನ ಕೆತ್ತನೆಯ ಸೇತುವೆಯ ನಡುವೆ, ಸರಿಯಾಗಿ ತಿರುಗುಣಿ ಇರಬೇಕಾದ ಕಡೆ, ಒಂದು ಕಲ್ಲು ಹೊಳೆಯುತ್ತಿತ್ತು. ಇನ್ನೇನು ಬೇಕು? ಮಸೂದೆ ಬಿದ್ದುಹೋಯಿತು. ಸಂಘ ಆ ಗಡಿಯಾರವನ್ನು ಜೋಪಾನವಾಗಿ ಇಟ್ಟುಕೊಂಡಿತು.

ಎಷ್ಟೋ ಕಾಲದ ಮೇಲೆ ಅದನ್ನು ಬಿಚ್ಚಿ ನೋಡಿದರು. ಕಲ್ಲಿಗೆ ತೂತೇ ಇಲ್ಲ. ತಿರುಗುಣಿ ಅದನ್ನು ಮುಟ್ಟುತ್ತಲೂ ಇಲ್ಲ; ಅದು ಕೆಳಗೆ ಲೋಹದಲ್ಲೇ ಆಡುತ್ತಿದೆ. ಕಲ್ಲು ಬರಿಯ ಅಲಂಕಾರಕ್ಕೆ ಮೇಲೆ ಕೂರಿಸಿದ್ದು.

ಶಿಲಪ್ಪದಿಕಾರಂ ಕತೆ ಬಲ್ಲವರಿಗೆ ಇಲ್ಲಿ ಕಣ್ಣಗಿಯ ಕಾಲಂದುಗೆ ನೆನಪಾಗಬೇಕು. ಪಾಂಡ್ಯರಾಣಿಯ ಅಂದುಗೆಯ ಒಳಗೆ ಮುತ್ತು, ಕಣ್ಣಗಿಯದರಲ್ಲಿ ಮಾಣಿಕ್ಯ. ಹೊರಗಿನಿಂದ ಎರಡೂ ಒಂದೇ. ಒಡೆದಾಗ ಮಾಣಿಕ್ಯ ಸಿಡಿದು ಸತ್ಯ ಹೊರಬಿತ್ತು. ಆ ಹೊತ್ತಿಗೆ, ರಾಣಿಯ ಅಂದುಗೆ ಕದ್ದನೆಂಬ ಆರೋಪದಲ್ಲಿ, ಅವಳ ಗಂಡ ಕೋವಲನ ತಲೆ ಹೋಗಿತ್ತು. ಡಬೋಫ್ರೆಗಳ ತಲೆ ಹೋಗಲಿಲ್ಲ, ಹಕ್ಕು ಹೋಯಿತು. ಒಳಗೆ ಇಟ್ಟ ಕಲ್ಲಿನ ಸಾಕ್ಷಿ ಬೇಕೆಂದರೆ ಮೊದಲು ಒಡೆಯಬೇಕು, ಆಮೇಲೆ ತೀರ್ಪು ಕೊಡಬೇಕು. ಆ ಸಭೆಯಲ್ಲಿ ಒಬ್ಬನೇ ಒಬ್ಬ ಸ್ಕ್ರೂಡ್ರೈವರ್ ಕೇಳಿದ್ದರೆ ಸಾಕಿತ್ತು.

ಹಕ್ಕು ಹೋದರೂ ವಿದ್ಯೆ ಉಳಿಯಿತು. ಹೆಚ್ಚುಕಡಿಮೆ ಒಂದು ಶತಮಾನ ಅದು ಇಂಗ್ಲಿಷರದೇ ಕೈಗುಣವಾಗಿತ್ತು. ನಡುಗಡಲಲ್ಲಿ ರೇಖಾಂಶ ಹೇಳಬಲ್ಲ ಗಡಿಯಾರವೆಂದು ಜಾನ್ ಹ್ಯಾರಿಸನ್ 1759ರಲ್ಲಿ ಮುಗಿಸಿದ ನಾಲ್ಕನೆಯ ಯಂತ್ರದಲ್ಲಿ ತಿರುಗುಣಿಗಳಿಗೆ ಕಲ್ಲು, ಚಕ್ರವನ್ನು ತಡೆದು ಬಿಡುವ ಪ್ಯಾಲೆಟ್ಟುಗಳಿಗೆ ವಜ್ರ. ಇದೇ ಕಾಲದಲ್ಲಿ ಜುವೆಲ್ ಪದ ಒಡವೆಪೆಟ್ಟಿಗೆಯಿಂದ ಮೆಲ್ಲಗೆ ಇಳಿದು ಕಮ್ಮಟದ ಮೇಜಿಗೆ ಬಂತು.

ಹಾಗೆಂದು ಮೆರೆಯುವ ಚಾಳಿ ಬಿಡಲಿಲ್ಲ. ಇಂಗ್ಲಿಷ್ ಗಡಿಯಾರಗಳ ಸೇತುವೆಯ ಮೇಲೆ ಮುಚ್ಚಳದ ಕಲ್ಲಾಗಿ ವಜ್ರ ಬಂತು. ಅದು ತಿರುಗುಣಿಯ ತುದಿಯನ್ನು ತಾಗಿ ದುಡಿಯುತ್ತದೆ, ನಿಜ. ಆದರೆ ಆ ಕೆಲಸಕ್ಕೆ ಸಾಸಿವೆಯಷ್ಟು ಕಲ್ಲು ಸಾಲುವಲ್ಲಿ ಅವರೆಕಾಳಿನ ಗಾತ್ರದ್ದು ಏಕೆ? ಹತ್ತೊಂಬತ್ತನೆಯ ಶತಮಾನದಲ್ಲಿ ಲಿವರ್‌ಪೂಲಿನವರು ಇನ್ನೂ ಮುಂದೆ ಹೋದರು. ಅವರ ಕಿಸೆ ಗಡಿಯಾರಗಳ ತಟ್ಟೆಯಲ್ಲಿ ಅಗಲವಾದ, ತಿಳಿಬಣ್ಣದ ದೊಡ್ಡ ಕಲ್ಲುಗಳು. ಅವಕ್ಕೆ ‘ಲಿವರ್‌ಪೂಲ್ ಕಿಟಕಿ’ ಎಂದೇ ಹೆಸರು. ತೂತು ಮಾತ್ರ ಕೂದಲೆಳೆಯದೇ. ಅಂಥ ಕಲ್ಲು ಮೆರೆಯುವುದೋ ದುಡಿಯುವುದೋ? ನಡುಭಾಗ ದುಡಿಯುತ್ತದೆ, ಅಂಚು ಮೆರೆಯುತ್ತದೆ ಎನ್ನಬೇಕು.

ಇನ್ನೊಂದು ಪದವೂ ಒಡವೆಯಂಗಡಿಯಿಂದ ಗಡಿಯಾರಕ್ಕೆ ನೆಗೆಯಿತು. ಉಂಗುರದಲ್ಲಿ ಹರಳು ಕೂರಿಸುವ ಮನೆಗೆ ಫ್ರೆಂಚಿನಲ್ಲಿ ‘ಶಾತೋಂ’ ಎನ್ನುತ್ತಾರೆ. ಗಡಿಯಾರದಲ್ಲಿ ಕಲ್ಲಿನ ಸುತ್ತ ಹಾಕುವ ಚಿನ್ನದ ಬಳೆಗೂ ಅದೇ ಹೆಸರಾಯಿತು. ನಮ್ಮ ಅಕ್ಕಸಾಲಿಗರ ಕುಂದಣವಿದ್ದಂತೆ ಅಂದುಕೊಳ್ಳಿ. ಒಡೆದ ಕಲ್ಲನ್ನು ಬಳೆಯ ಸಮೇತ ಎತ್ತಿ ಬೇರೆ ಕೂರಿಸಲು ಅನುಕೂಲವೆಂದು ಅದು ಶುರುವಾದದ್ದು. ನೀಲಿ ಸ್ಕ್ರೂ, ಹಳದಿ ಬಳೆ, ನಡುವೆ ಕೆಂಪು ಕಣ್ಣು. ಎಷ್ಟು ಚೆಂದ ಕಂಡಿತೆಂದರೆ ಆಮೇಲೆ ಅನುಕೂಲ ಮರೆತು ಚೆಂದವೇ ಉಳಿಯಿತು.

ಇಲ್ಲಿ ಜುವೆಲ್ ಪದವನ್ನು ತುಸು ನಿಲ್ಲಿಸಿ ಕಲ್ಲಿನ ಹೆಸರಿನ ಕಡೆ ಹೊರಳುತ್ತೇನೆ. ಈ ಕತೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ನಮ್ಮ ನೆಲದ್ದು ಎಂಬ ಮೋಹವೂ ಇದೆ, ಮುಚ್ಚಿಡುವುದಿಲ್ಲ.

ಮಾಣಿಕ್ಯ ಮತ್ತು ನೀಲ ಎರಡೂ ಒಂದೇ ಖನಿಜ. ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಆದದ್ದು. ಚಿಟಿಕೆ ಕ್ರೋಮಿಯಂ ಬೆರೆತರೆ ಕೆಂಪು. ಗಡಸುತನದ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಇದಕ್ಕೆ 9. ವಿಜ್ಞಾನ ಇದನ್ನು ಕರೆಯುವುದು ಕೊರಂಡಂ ಎಂದು. ನಮ್ಮ ಭೂವಿಜ್ಞಾನದ ಬರಹಗಳಲ್ಲಿ ಅದು ಕುರಂದ. ಕೊರಂಡಂ ಲ್ಯಾಟಿನ್ನಿನಂತೆ ಕೇಳಿಸುತ್ತದೆ, ಆದರೆ ಅದು ದಕ್ಷಿಣ ಭಾರತದ ಪದ. ತಮಿಳಿನಲ್ಲಿ ಕುರುಂದಂ, ತೆಲುಗಿನಲ್ಲಿ ಕುರುವಿಂದಂ, ಸಂಸ್ಕೃತದಲ್ಲಿ ಕುರುವಿಂದ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲೇ ಲಂಡನ್ನಿನ ಜಾನ್ ವುಡ್‌ವರ್ಡ್ ತನ್ನ ಕಲ್ಲುಗಳ ಪಟ್ಟಿಯಲ್ಲಿ ಇದನ್ನು ‘ಕೊರಿವಿಂಡಂ’ ಎಂದು ಬರೆದುಕೊಂಡ. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಏಷ್ಯಾದಿಂದ ಬಂದ ಕೊರಂಡಂ ಕಲ್ಲಿನ ಮೇಲೆ ದೀರ್ಘ ಲೇಖನ ಪ್ರಕಟಿಸಿದ. ಆ ವೇಳೆಗೆ ಹೆಸರು ನೆಲೆನಿಂತಿತು.

ಕುರುವಿಂದ ನಮ್ಮಲ್ಲಿ ಏನೇನಾಗಿತ್ತು ನೋಡಿ. ರತ್ನಪರೀಕ್ಷೆಯವರಿಗೆ ಅದು ಮಾಣಿಕ್ಯದ ಒಂದು ಜಾತಿ. ನಿಘಂಟಿನಲ್ಲಿ ಇಂಗಲೀಕಕ್ಕೂ ಅದೇ ಹೆಸರು, ಕನ್ನಡಿಗೂ ಅದೇ. ಹೊಲದಲ್ಲಿ ಎಷ್ಟು ಕಿತ್ತರೂ ಸಾಯದ ಭದ್ರಮುಷ್ಟಿಯ ಗಡ್ಡೆಗೂ ಅದೇ. ಅದೆಲ್ಲಕ್ಕಿಂತ ಹೆಚ್ಚಾಗಿ ಕಮ್ಮಾರ, ಕಲ್ಲುಕುಟಿಗ, ಹರಳು ಉಜ್ಜುವವರಿಗೆ ಅದು ಸಾಣೆಯ ಸಾಮಗ್ರಿ. ಹಳೆಯ ಮೈಸೂರು ಸೀಮೆಯ ಹಲವು ಕಡೆ ಹೊಲಗಳಲ್ಲಿ ಸಿಗುವ ಮಬ್ಬು ಬಣ್ಣದ ಈ ಕಲ್ಲನ್ನು ಕುಟ್ಟಿ ಪುಡಿಮಾಡಿ, ಕಾದ ಅರಗಿನಲ್ಲಿ ಕಲಸಿ ಚಕ್ರ ಎರೆಯುತ್ತಿದ್ದರು. ಆ ಚಕ್ರದ ಮೇಲೆ ಕತ್ತಿ ಹರಿತವಾಗುತ್ತಿತ್ತು, ರತ್ನ ನುಣುಪಾಗುತ್ತಿತ್ತು. ಅಂದರೆ ತಿಳಿಯಾದ ಕುರುವಿಂದ ಕಿರೀಟಕ್ಕೆ, ಮಬ್ಬಾದ ಕುರುವಿಂದ ಕಿರೀಟದ ಹರಳನ್ನು ಉಜ್ಜುವುದಕ್ಕೆ. ಮೆರೆಯುವ ಕಲ್ಲು, ದುಡಿಯುವ ಕಲ್ಲು ಎಂದು ಇಂಗ್ಲಿಷರು ಮುನ್ನೂರು ವರ್ಷ ಜಗಳವಾಡಿದ್ದನ್ನು ನಮ್ಮ ಒಂದು ಪದ ತನ್ನೊಳಗೇ ಜೊತೆಗಿಟ್ಟುಕೊಂಡಿತ್ತು. ಹಿತ್ತಾಳೆಯ ತೂತು ಸಾಣೆಯಾಗಬಾರದೆಂದು ಗಡಿಯಾರಗಾರರು ಒಳಗಿಟ್ಟದ್ದು ಸಾಣೆಯ ಕಲ್ಲನ್ನೇ, ನುಣುಪು ಮಾಡಿ.

ಇನ್ನು ಎಣಿಕೆಯ ವಿಷಯ. ಎಣಿಕೆ ಶುರುವಾದಲ್ಲಿ ಮೋಸವೂ ಶುರು.

ಲಿವರ್ ಗಡಿಯಾರವೆಂದರೆ ಕನಿಷ್ಠ ಏಳು ಕಲ್ಲು. ಬ್ಯಾಲೆನ್ಸ್ ಚಕ್ರದ ಎರಡು ತುದಿಗೆ ತೂತಿನ ಕಲ್ಲು ಎರಡು, ಅವುಗಳ ಮೇಲೆ ತೂತಿಲ್ಲದ ಮುಚ್ಚಳದ ಕಲ್ಲು ಎರಡು, ಚಕ್ರಕ್ಕೆ ತಳ್ಳು ಕೊಡುವುದೊಂದು, ಪ್ಯಾಲೆಟ್ಟಿನ ಎರಡು ಅಲಗು. ಅಜ್ಜಿಯ ಬೆಂಡೋಲೆಯಷ್ಟೇ. ಉಳಿದ ನಾಲ್ಕು ಅಚ್ಚುಗಳಿಗೂ ಎರಡೆರಡು ಕೊಟ್ಟರೆ ಹದಿನೈದು. ನಟ್ಟನಡುವಿನ ಚಕ್ರಕ್ಕೂ ಎರಡು ಕೊಟ್ಟರೆ ಹದಿನೇಳು. ಅಲ್ಲಿಗೆ ದಣಿಯುವ ಜಾಗಗಳೆಲ್ಲ ಹೆಚ್ಚುಕಡಿಮೆ ಮುಗಿದವು. ಇಪ್ಪತ್ತೊಂದು, ಇಪ್ಪತ್ಮೂರರ ತನಕ ಹೋದರೆ ಒಂದಿಷ್ಟು ಲಾಭ ಇದೆ. ಅದರಾಚೆ ಇರುವುದು ಹೆಚ್ಚಾಗಿ ಹೆಮ್ಮೆ.

ಅಮೆರಿಕದಲ್ಲಿ ಕಾರ್ಖಾನೆಗಳು ಎದ್ದು ಕಿಸೆ ಗಡಿಯಾರ ರಾಶಿರಾಶಿ ಬರತೊಡಗಿದ ಮೇಲೆ ಕಲ್ಲಿನ ಲೆಕ್ಕವೇ ಜಾಹೀರಾತಾಯಿತು. ಮುಚ್ಚಳ ತೆರೆದರೆ ಕಾಣುವ ಮೇಲಿನ ತಟ್ಟೆಗೆ ಮಾತ್ರ ಕಲ್ಲು ಹಾಕಿ, ಡಯಲಿನ ಅಡಿಯ ಕಾಣದ ತಟ್ಟೆಯನ್ನು ಬರಿಯ ಹಿತ್ತಾಳೆಯಲ್ಲೇ ಬಿಟ್ಟ ಹನ್ನೊಂದು ಕಲ್ಲಿನ ಗಡಿಯಾರಗಳು ಬಂದವು. ನೋಡಿದರೆ ಹದಿನೈದೇ ಅನಿಸಬೇಕು. ಮದುವೆಮನೆಯಲ್ಲಿ ಮುಂದಿನ ಸಾಲಿಗೆ ಹೋಳಿಗೆ, ಹಿಂದಿನ ಸಾಲಿಗೆ ಬರಿಯ ಸಾರು. ಇದಕ್ಕಿಂತ ಕೆಟ್ಟದ್ದೆಂದರೆ ಅಮೆರಿಕದ ಹೆಸರುಗಳನ್ನೇ ಹೋಲುವ ಹೆಸರು ಕೆತ್ತಿಕೊಂಡು ಸ್ವಿಟ್ಜರ್ಲೆಂಡಿನಿಂದ ಬಂದ ನಕಲಿಗಳು. ಅವುಗಳಲ್ಲಿ ಕೆಂಪು ಕಲ್ಲು ಕಾಣುತ್ತದೆ, ಆದರೆ ತಿರುಗುಣಿ ಅದನ್ನು ಮುಟ್ಟುವುದಿಲ್ಲ. ಹಗ್ಗಫರ್ಡನ ಗಡಿಯಾರಕ್ಕೆ ಸಂತಾನಭಾಗ್ಯ!

ಲೆಕ್ಕಕ್ಕೆ ಸ್ವಲ್ಪ ಮಾನ ತಂದುಕೊಟ್ಟದ್ದು ರೈಲು. 1891ರ ಏಪ್ರಿಲ್‌ನಲ್ಲಿ ಓಹಾಯೋದ ಕಿಪ್ಟನ್ ಎಂಬಲ್ಲಿ ಎರಡು ರೈಲು ಮುಖಾಮುಖಿ ಡಿಕ್ಕಿಯಾದವು. ಒಬ್ಬ ಚಾಲಕನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ಓಡಿತ್ತು ಎನ್ನುತ್ತಾರೆ. ಕ್ಲೀವ್‌ಲ್ಯಾಂಡಿನ ಗಡಿಯಾರ ವ್ಯಾಪಾರಿ ವೆಬ್ ಬಾಲ್‌ಗೆ ರೈಲುಗಳ ಹೊತ್ತನ್ನು ಸರಿಪಡಿಸುವ ಕೆಲಸ ಬಿತ್ತು. ಆ ಬಳಿಕ ರೂಢಿಗೆ ಬಂದ ನಿಯಮದಲ್ಲಿ ಕನಿಷ್ಠ ಹದಿನೇಳು ಕಲ್ಲು, ಐದು ಭಂಗಿಗಳಲ್ಲಿ ಸರಿಹೊಂದಿಸಿದ ಯಂತ್ರ, ವಾರಕ್ಕೆ ಮೂವತ್ತು ಸೆಕೆಂಡಿಗಿಂತ ಹೆಚ್ಚು ತಪ್ಪದ ನಡಿಗೆ. ಇಲ್ಲಿ ಕಲ್ಲು ಜೀವ ಕಾಯುವ ಕೆಲಸಕ್ಕೆ ನಿಂತಿತು.

ಹದಿನೇಳು ಜಗತ್ತಿಗೆಲ್ಲ ಅಂಟಿಕೊಂಡದ್ದಕ್ಕೆ ಇನ್ನೊಂದು ಕಾರಣ ಅಷ್ಟು ಉದಾತ್ತವಲ್ಲ, ತೆರಿಗೆ. 1930ರ ಅಮೆರಿಕದ ಸುಂಕದ ಕಾಯಿದೆ ಹದಿನೇಳಕ್ಕಿಂತ ಹೆಚ್ಚು ಕಲ್ಲಿನ ಯಂತ್ರಕ್ಕೆ ಒಂದೊಂದಕ್ಕೆ 10 ಡಾಲರ್ 75 ಸೆಂಟ್ ಸುಂಕ ಹೇರಿತು. ಸ್ವಿಸ್ಸರು ಹದಿನೇಳಕ್ಕೇ ನಿಲ್ಲಿಸಿದರು. ಕೆಲವರು ಹದಿನೇಳರ ಯಂತ್ರವನ್ನು ಗಡಿ ದಾಟಿಸಿ, ಆಚೆ ದಡದಲ್ಲಿ ಮೇಲೆರಡು ಕಲ್ಲು ಸೇರಿಸುವ ಉಪಾಯವನ್ನೂ ಕಂಡುಕೊಂಡರು. ಸುಂಕದ ಕಟ್ಟೆ ಇದ್ದಲ್ಲಿ ಬಳಸುದಾರಿಯೂ ಇರುತ್ತದೆ.

ಇಷ್ಟರಲ್ಲಿ ಕಲ್ಲು ತನ್ನ ಬೆಲೆ ಕಳೆದುಕೊಂಡಿತ್ತು. ಪ್ಯಾರಿಸ್ಸಿನ ಆಗಸ್ಟ್ ವೆರ್ನೂಯ್ ಅಲ್ಯೂಮಿನದ ಪುಡಿಯನ್ನು ಜಲಜನಕ ಮತ್ತು ಆಮ್ಲಜನಕದ ಉರಿಯ ಮೂಲಕ ಉದುರಿಸಿ, ಕರಗಿದ ಹನಿಯ ಮೇಲೆ ಹನಿ ಕೂಡಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಬಹಿರಂಗಪಡಿಸಿದ. ಅದು ಗಾಜಲ್ಲ, ನಕಲಿಯೂ ಅಲ್ಲ. ಗಣಿಯ ಮಾಣಿಕ್ಯದ್ದೇ ಧಾತು, ಅದೇ ಗಡಸು. ಅಲ್ಲಿಯ ತನಕ ಅಗ್ಗದ ಗಡಿಯಾರಕ್ಕೆ ಗಾರ್ನೆಟ್, ದುಬಾರಿಯದಕ್ಕೆ ಮಾಣಿಕ್ಯ ಎಂಬ ಪಂಕ್ತಿಭೇದವಿತ್ತು. ಈಗ ಎಲ್ಲರಿಗೂ ಮಾಣಿಕ್ಯ. ಕ್ರೋಮಿಯಂ ಬೆರೆಸದಿದ್ದರೆ ಕಲ್ಲು ಬಿಳಿಯಾಗಿಯೇ ಬರುತ್ತದೆ, ದುಡಿಮೆಯಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲ. ಆದರೂ ಕೆಂಪನ್ನು ಬಿಡಲಿಲ್ಲ. ಚಿಮಟದಲ್ಲಿ ಹಿಡಿದು ಕೂರಿಸುವವರ ಕಣ್ಣಿಗೆ ಬಿಳಿಗಿಂತ ಕೆಂಪು ಚೆನ್ನಾಗಿ ಕಾಣುತ್ತದೆ ಎಂಬುದು ಒಂದು ನೆಪ. ಕೊಳ್ಳುವವರ ಕಣ್ಣಿಗೂ ಕಾಣುತ್ತದೆ ಎಂಬುದು ಅದಕ್ಕಿಂತ ದೊಡ್ಡ ನೆಪ.

ಕಲ್ಲು ಅಗ್ಗವಾಯಿತು, ಪದದ ಹೊಳಪು ಹೋಗಿರಲಿಲ್ಲ. ಇವೆರಡರ ನಡುವಿನ ಅಂತರದಲ್ಲಿ ವ್ಯಾಪಾರ ಕುದುರಿತು. 1960ರ ದಶಕದಲ್ಲಿ ಜಪಾನಿನ ಓರಿಯೆಂಟ್ ‘ಗ್ರ್ಯಾಂಡ್ ಪ್ರಿಕ್ಸ್ 100’ ಎಂಬ ಗಡಿಯಾರ ತಂದಿತು. ಹೆಸರಿಗೆ ತಕ್ಕಂತೆ ನೂರು ಕಲ್ಲು! ಅಷ್ಟು ಕಲ್ಲಿಗೆ ಕೆಲಸ ಎಲ್ಲಿಂದ ತರುವುದು? ಅವುಗಳಲ್ಲಿ ಬಹುಪಾಲು ಸುಮ್ಮನೆ ಸಾಲಾಗಿ ಕೂತವು. ಸರಕಾರಿ ಕಚೇರಿಗಳ ಬಗ್ಗೆ ಇಲ್ಲಿ ಏನೋ ಹೇಳಬಹುದಿತ್ತು, ಬಿಡಿ.

ಕೊನೆಗೆ ಕಾನೂನು ಬಂತು. ಸ್ವಿಸ್ ಗಡಿಯಾರ ಉದ್ಯಮದ ಮಾನಕ 1965ರಲ್ಲಿ, ಅದನ್ನು ಅನುಸರಿಸಿ ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 1112 ಎಂಬುದು 1974ರಲ್ಲಿ. ಎರಡರದೂ ಒಂದೇ ವಿಷಯ: ದುಡಿಯುವ ಕಲ್ಲು ಯಾವುದು, ದುಡಿಯದ್ದು ಯಾವುದು. ತಾಗುವ ಎರಡು ಮೈಗಳ ತಿಕ್ಕಾಟವನ್ನು ಹದದಲ್ಲಿಟ್ಟು ಸವೆತ ತಗ್ಗಿಸಿದರೆ ಅದು ದುಡಿಯುವ ಕಲ್ಲು. ಬರಿಯ ಅಲಂಕಾರದ್ದನ್ನು, ತೂತಿಗೆ ಮುಚ್ಚಳವಾಗಿದ್ದೂ ತಿರುಗುಣಿಯನ್ನು ಮುಟ್ಟದ್ದನ್ನು ಲೆಕ್ಕದಲ್ಲಿ ಸೇರಿಸಿ ಮಾರುವಂತಿಲ್ಲ. ಲಂಡನ್ನಿನ ಸಭೆ ಕೇಳದೆ ಬಿಟ್ಟ ಪ್ರಶ್ನೆಗೆ 270 ವರ್ಷಗಳ ಮೇಲೆ ಲಿಖಿತ ಉತ್ತರ ಸಿಕ್ಕಿತು. ಆಟಿಕೆ ಎಂಬ ಅರ್ಥದಲ್ಲಿ ಹುಟ್ಟಿದ ಪದಕ್ಕೆ, ದುಡಿಯದಿದ್ದರೆ ಈ ಹೆಸರಿನಲ್ಲಿ ಎಣಿಸಿಕೊಳ್ಳಬೇಡ ಎಂದು ಆಜ್ಞೆಯಾಯಿತು.

ಬೇರೆ ಭಾಷೆಗಳು ಈ ಗೊಂದಲಕ್ಕೆ ಅಷ್ಟಾಗಿ ಸಿಕ್ಕಿಕೊಂಡಿಲ್ಲ. ಫ್ರೆಂಚ್ ಮಾತಾಡುವ ಸ್ವಿಸ್ಸರು ಡಯಲಿನ ಮೇಲೆ ‘ರುಬಿ’ ಎಂದು ಬರೆದರು, ಅಂದರೆ ಮಾಣಿಕ್ಯ, ಕೆಂಪು. ಜರ್ಮನರು ‘ಶ್ಟೈನೆ’ ಎಂದರು, ರಷ್ಯನ್ನರು ‘ಕಾಮ್ನೆಯ್’ ಎಂದರು. ಎರಡೂ ಬರಿಯ ಕಲ್ಲೇ. ಜಪಾನಿಯರು ಅಂಕಿಯ ಮುಂದೆ ‘ಸೆಕಿ’ ಎಂದು ಒಂದು ಅಕ್ಷರ ಹಾಕಿ ಬಿಡುತ್ತಾರೆ; ಅದೂ ಕಲ್ಲು. ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ಗಡಿಯಾರ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ತಂತ್ರಜ್ಞಾನದಿಂದ. ಅಲ್ಲಿ ಕಲ್ಲಾಗಿದ್ದದ್ದು ಇಲ್ಲಿಗೆ ಬರುವಾಗ ಡಯಲಿನ ಮೇಲೆ ಇಂಗ್ಲಿಷಿನ ಜುವೆಲ್ ಆಯಿತು, ರಿಪೇರಿ ಮೇಜಿಗೆ ಬಂದೊಡನೆ ಮತ್ತೆ ಕಲ್ಲಾಯಿತು. ನಡುವೆ ಒಡವೆಯ ಕನಸು ಕಂಡದ್ದು ನಾನೊಬ್ಬನೇ ಅಲ್ಲ ಎಂದುಕೊಂಡಿದ್ದೇನೆ.

ಕನ್ನಡದಲ್ಲಿ ಬರೆಯುವಾಗ ಇದಕ್ಕೆ ಏನೆನ್ನಬೇಕು? ‘ರತ್ನ’ ಎಂದರೆ ಮತ್ತೆ ಬಾವಿ ತೋಡಿಸುವ ಆಸೆ. ‘ಕಲ್ಲು’ ಆದೀತು, ತುಸು ಒರಟು. ನನ್ನ ಮತ ‘ಹರಳು’ ಪದಕ್ಕೆ. ಹಳಗನ್ನಡದ ಪರಲ್ ಅದು. ಪಕಾರ ಹಕಾರವಾಗಿ ನಮ್ಮ ತನಕ ಬಂದಿದೆ. ಉಂಗುರದ್ದೂ ಹರಳು, ಉಪ್ಪಿನದೂ ಹರಳು. ಎಣ್ಣೆ ತೆಗೆಯುವ ಔಡಲ ಬೀಜವೂ ಹರಳೇ. ಇದು ಮೆರೆಯಲೂ ಬಲ್ಲ ಪದ, ದುಡಿಯಲೂ ಬಲ್ಲ ಪದ, ಎರಡಕ್ಕೂ ಮುಜುಗರಪಟ್ಟುಕೊಳ್ಳುವುದಿಲ್ಲ. ನಿಘಂಟು ಪರಿಷ್ಕರಿಸುವವರು ಹರಳು ನಮೂದಿನ ಕೆಳಗೆ ‘ಗಡಿಯಾರದ ಚಕ್ರದ ತಿರುಗುಣಿಗೆ ಕೂರಿಸುವ ಗಡಸು ಕಲ್ಲು’ ಎಂದು ಒಂದು ಸಾಲು ಸೇರಿಸಿದರೆ ಅನ್ಯಾಯವೇನೂ ಆಗದು.

ಓದುಗರಲ್ಲಿ ಒಂದು ಮಾತು. ಮನೆಯ ಪೆಟ್ಟಿಗೆಯಲ್ಲಿ ತಾತನ ಕಿಸೆ ಗಡಿಯಾರವೋ ನಿಂತುಹೋದ ಜನತಾವೋ ಇದ್ದರೆ, ಹದಿನೇಳು ಮಾಣಿಕ್ಯವಿದೆ ಎಂದು ಒಡೆಯಲು ಹೋಗಬೇಡಿ. ಎಲ್ಲ ಕೂಡಿಸಿದರೂ ಒಂದು ಕಾಫಿ ಹುಟ್ಟುವುದಿಲ್ಲ. ಬಲವಂತವಾಗಿ ಕೀ ಕೊಡಲೂ ಬೇಡಿ. ಕೆಲಸ ಬಲ್ಲ ರಿಪೇರಿಯವರು ಊರಿನಲ್ಲಿ ಇನ್ನೂ ಉಳಿದಿದ್ದರೆ ಅವರ ಕೈಗೆ ಕೊಡಿ. ಬಹಳ ಸಲ ಅದರೊಳಗೆ ಒಣಗಿರುವುದು ಎಣ್ಣೆ ಮಾತ್ರ. ಹರಳು ಹಾಗೇ ಇರುತ್ತದೆ.